ಕಾಂಪೌಂಡ್ ಇದ್ರೂ ಲಾರಿ ಸೌಂಡ್ ಯಾಕ್ ಬರುತ್ತೆ: ನಾಯ್ಸ್ ಬ್ಯಾರಿಯರ್ ನೋಟ್ಸ್

ಎಲ್ರೂ ನಾಯ್ಸ್ ಬ್ಯಾರಿಯರ್ (ಶಬ್ದ ತಡೆಯೋ ಗೋಡೆ) ಚಾಪ್ಟರಲ್ಲಿ ಮೊದ್ಲು ಮೆಟೀರಿಯಲ್ ಟೇಬಲ್ ಬಾಯಿಪಾಠ ಹೊಡೀತಾರೆ, ಅಷ್ಟೆಲ್ಲ ಬೇಡ. ಚದರ ಮೀಟರ್‌ಗೆ ಒಂದು 20 ಕೆಜಿ ತೂಕ ಇರ್ಬೇಕು, ಸಂದು ಇರ್ಬಾರ್ದು, ಮುಗೀತು. ನಮ್ಮ ಕಡೆ ಜಂಬಿಟ್ಟಿಗೆ ಕಲ್ಲಿನ ಗೋಡೆ ಅದರ ಹತ್ತು ಪಟ್ಟಿಗಿಂತ ಜಾಸ್ತಿನೇ ತೂಗುತ್ತೆ. ಆದ್ರೂ ಸಾಗರ ರೋಡ್ ಪಕ್ಕದ ಮನೇಲಿ ರಾತ್ರಿ ಲಾರಿ ಕೇಳ್ಸುತ್ತೆ, ಯಾಕಂದ್ರೆ ಶಬ್ದ ಗೋಡೆ ತೂರಿ ಬರಲ್ಲ, ಗೋಡೆ ತಲೆ ಮೇಲಿಂದ ಬಗ್ಗಿ ಬರುತ್ತೆ.

ಹಾಗಾಗಿ ಲೆಕ್ಕ ಪೂರ್ತಿ ಜಾಮಿಟ್ರಿನೇ. ಗೋಡೆ ತುದಿ ಮೇಲಿಂದ ಹೋಗೋ ದಾರಿ ಮೈನಸ್ ನೇರ ದಾರಿ, ಅದು ಡೆಲ್ಟಾ. ಅದನ್ನ ಎರಡರಿಂದ ಗುಣಿಸಿ ತರಂಗದೂರದಿಂದ ಭಾಗಿಸಿದ್ರೆ ಫ್ರೆನೆಲ್ ನಂಬರ್ ಎನ್, ಅಂದ್ರೆ ಬಳಸು ದಾರಿ ಎಷ್ಟು ಅರ್ಧ ತರಂಗದಷ್ಟು ಜಾಸ್ತಿ ಅನ್ನೋ ಲೆಕ್ಕ. ಮೇಕಾವ ಕರ್ವ್ (ಎನ್‌ಗೆ ತಕ್ಕಂತೆ ಗೋಡೆ ಎಷ್ಟು ಶಬ್ದ ತಗ್ಗಿಸುತ್ತೆ ಅಂತ ಹೇಳೋ ಗ್ರಾಫ್) ಪ್ರಕಾರ ಇಳಿಕೆ ಸುಮಾರು 10 ಲಾಗ್ (3 + 20 ಎನ್) ಡೆಸಿಬೆಲ್. 3 ಮೀಟರ್ ಗೋಡೆ, ಆಕಡೆ 6 ಮೀಟರ್‌ಗೆ ಗಾಡಿ, ಈಕಡೆ 6 ಮೀಟರ್‌ಗೆ 1.5 ಮೀಟರ್ ಎತ್ತರದಲ್ಲಿ ನಮ್ಮ ಕಿವಿ ಅಂತ ಇಟ್ಕೊಳ್ಳಿ. ಟೈರ್ ಸೌಂಡ್ ಅರ್ಧ ಮೀಟರ್ ಎತ್ತರದಿಂದ ಹೊರಟ್ರೆ ಡೆಲ್ಟಾ 0.64 ಮೀಟರ್, 500 ಹರ್ಟ್ಸ್‌ಗೆ 16 ಡೆಸಿಬೆಲ್ ಕಮ್ಮಿ ಆಗುತ್ತೆ. ಅದೇ ಲಾರಿ ಸೈಲೆನ್ಸರ್ 2.5 ಮೀಟರ್ ಮೇಲಿದ್ರೆ ಡೆಲ್ಟಾ 0.16ಕ್ಕೆ ಬೀಳುತ್ತೆ, 500ಕ್ಕೆ 11, 100 ಹರ್ಟ್ಸ್‌ಗೆ ಬರೀ 7! ಅದಕ್ಕೇ ಹಾರ್ನ್ ಚೀರಾಟ ಸ್ವಲ್ಪ ತಗ್ಗಿದ್ರೂ ಏರಲ್ಲಿ ಲೋ ಗೇರಲ್ಲಿ ಹತ್ತೋ ಲಾರಿಯ ಗುರ್ ಮಾತ್ರ ಹಾಗೇ ಬರೋದು. ಇದು ಪೇಪರ್ ಮೇಲಿನ ಲೆಕ್ಕ, ಫೀಲ್ಡಲ್ಲಿ ಇನ್ನೂ ಕಮ್ಮಿನೇ ಸಿಗೋದು.

ಉದ್ದಾನೂ ಬೇಕು: ಗೋಡೆಯಿಂದ ಮನೆ ಎಷ್ಟು ದೂರನೋ ಅದರ ನಾಲ್ಕು ಪಟ್ಟು, ಎರಡೂ ಕಡೆ. ಇಲ್ಲಿ ಗೋಡೆ ಮಧ್ಯೆನೇ ಕಂಬಿ ಗೇಟ್ ಇರುತ್ತಲ್ಲ, ಆಮೇಲೆ ಯಾವ ಫಾರ್ಮುಲಾ ಹಾಕಿ ಏನ್ ಪ್ರಯೋಜನ.

ಮಲೆನಾಡಲ್ಲಿ ರೋಡ್ ಕೆಳಗೆ, ಮನೆ ದಿಬ್ಬದ ಮೇಲೆ ಇದ್ರೆ ಕಾಂಪೌಂಡ್ ದಂಡ, ಗಾಡಿ ನೇರವಾಗಿ ಕಣ್ಣಿಗೆ ಕಾಣ್ತಿದ್ರೆ ಇಳಿಕೆ ಹೆಚ್ಚುಕಮ್ಮಿ ಸೊನ್ನೆ. ಮರೆ ಆದ ತಕ್ಷಣ ಒಂದು 5 ಡೆಸಿಬೆಲ್ ಸಿಗುತ್ತೆ. ಗುಡ್ಡ ಕಡಿದು ರೋಡ್ ಮಾಡಿರೋ ಕಡೆ ಧರೆನೇ (ಕಡಿದ ಮಣ್ಣಿನ ಗೋಡೆ) ಪುಕ್ಕಟೆ ಬ್ಯಾರಿಯರ್. ಅಡಿಕೆ ತೋಟ ಇದೆ, ಸೌಂಡ್ ತಡೆಯುತ್ತೆ ಅಂತ ಬರೀಬೇಡಿ, ಸೋಗೆ ಎಲ್ಲ ಮೇಲೆ, ಕೆಳಗೆ ಬರೀ ಕಂಬದ ಥರ ಕಾಂಡ, ಶಬ್ದಕ್ಕೆ ಅಡ್ಡ ಏನೂ ಇಲ್ಲ.

ಕೆಲಸದ ಜಾಗದ ಪ್ರಶ್ನೆ ಬಂದ್ರೆ ಕಥೆ ಬೇರೆ. ಅಡಿಕೆ ಸುಲಿಯೋ ಮಷಿನ್ನೋ ಸಾ ಮಿಲ್ಲೋ ತಗಡಿನ ಶೆಡ್ಡಲ್ಲಿದ್ರೆ ಸುಮ್ನೆ ಮಧ್ಯ ಒಂದು ಪರದೆ ಗೋಡೆ ನಿಲ್ಸಿದ್ರೆ ಶಬ್ದ ಚಾವಣಿಗೆ ಬಡಿದು ಆಕಡೆ ಇಳಿಯುತ್ತೆ, ಮೊದ್ಲು ಮೇಲೆ ಗ್ಲಾಸ್‌ವೂಲ್ ಥರದ್ದು ಶಬ್ದ ಹೀರ್ಕೊಳ್ಳೋ ಮೆಟೀರಿಯಲ್ ಹಾಕ್ಬೇಕು, ಪರದೆ ಆಮೇಲೆ. ಮಷಿನ್ ಹತ್ರನೇ ನಿಂತು ಕೆಲ್ಸ ಮಾಡೋನಿಗೆ ಇದ್ಯಾವ್ದೂ ಉಪಯೋಗ ಇಲ್ಲ, ಅವನಿಗೆ ಮಷಿನ್ನಿಗೇ ಮುಚ್ಚಿಗೆ ಬೇಕು, ಇಲ್ಲ ಇಯರ್‌ಮಫ್.