ಜಮ್‌ಶೆಡ್‌ಜಿ ಟಾಟಾ: ಬದುಕಿದ್ದಾಗ ಆದದ್ದು, ಆಮೇಲೆ ಆದದ್ದು

ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಹಳಬರು ಇಂದಿಗೂ ಹೇಳುವುದು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ. ಆ ಹೆಸರಿನ ಗುಂಗಿನಲ್ಲೋ ಏನೋ, ಪರೀಕ್ಷೆಯಲ್ಲಿ ನಮ್ಮಲ್ಲಿ ಅನೇಕರು ‘1909ರಲ್ಲಿ ಜಮ್‌ಶೆಡ್‌ಜಿ ಟಾಟಾ ಈ ಸಂಸ್ಥೆಯನ್ನು ತೆರೆದರು’ ಎಂದು ಬರೆದುಬಿಡುತ್ತೇವೆ. ನಾನೂ ಬರೆದು ಅಂಕ ಕಳೆದುಕೊಂಡವನೇ. ಟಾಟಾ ಉದ್ಯಮ ಸಮೂಹ ಕಟ್ಟಿದ ಅವರು ತೀರಿಕೊಂಡದ್ದು 1904ರ ಮೇ 19ರಂದು, ಜರ್ಮನಿಯಲ್ಲಿ. ಹಾಗಾಗಿ ಪ್ರತಿ ಇಸವಿಯನ್ನೂ 1904ರ ಪಕ್ಕದಲ್ಲಿಟ್ಟು ಓದಿ. ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಹುಟ್ಟಿದ್ದು 1839ರ ಮಾರ್ಚ್ 3, ಗುಜರಾತಿನ ನವಸಾರಿಯಲ್ಲಿ, ಪಾರ್ಸಿ ಪುರೋಹಿತರ ಮನೆತನದಲ್ಲಿ. ತಂದೆ ನಸರ್ವಾನ್‌ಜಿ ಪೌರೋಹಿತ್ಯ ಬಿಟ್ಟು ಮುಂಬೈಯಲ್ಲಿ ವ್ಯಾಪಾರಕ್ಕಿಳಿದಿದ್ದರು. ಮಗ 1868ರಲ್ಲಿ 21,000 ರೂಪಾಯಿ ಬಂಡವಾಳದಿಂದ ಸ್ವಂತ ವ್ಯಾಪಾರ ಆರಂಭಿಸಿದರು. ಮರುವರ್ಷ ದಿವಾಳಿಯಾಗಿದ್ದ ಎಣ್ಣೆ ಗಿರಣಿಯೊಂದನ್ನು ಕೊಂಡು ಹತ್ತಿ ಗಿರಣಿಯಾಗಿ ಮಾರ್ಪಡಿಸಿ, ಎರಡೇ ವರ್ಷದಲ್ಲಿ ಲಾಭಕ್ಕೆ ಮಾರಿದರು.

ನಾಗಪುರದ ಗಿರಣಿಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಬಟ್ಟೆ ಗಿರಣಿ ಎಂದರೆ ಮುಂಬೈ ಎನ್ನುತ್ತಿದ್ದ ಕಾಲ ಅದು. ಇವರು ಹತ್ತಿ ಬೆಳೆಯುವ ನೆಲಕ್ಕೇ ಹೋದರು: ಕಚ್ಚಾ ಹತ್ತಿ ಹತ್ತಿರ, ಕಲ್ಲಿದ್ದಲು ಹತ್ತಿರ, ರೈಲು ಇದೆ, ಜಾಗ ಅಗ್ಗ. ಜಾಗವೇನೋ ಜೌಗು, ಮಣ್ಣು ತುಂಬಿಸಬೇಕಿತ್ತು. ಚಿನ್ನವನ್ನು ನೆಲಕ್ಕೆ ಸುರಿಯುವವನಿಗೆ ಸಾಲವಿಲ್ಲ ಎಂದ ಸಾಹುಕಾರನೊಬ್ಬ, ಆಮೇಲೆ ‘ಈತ ಮಣ್ಣು ಸುರಿದು ಚಿನ್ನ ತೆಗೆದ’ ಎಂದು ಒಪ್ಪಿಕೊಂಡನಂತೆ. ವಿಕ್ಟೋರಿಯಾ ರಾಣಿ ಭಾರತದ ಚಕ್ರವರ್ತಿನಿ ಎಂದು ಘೋಷಣೆಯಾದ 1877ರ ಜನವರಿ 1ರಂದೇ ಗಿರಣಿ ಶುರುವಾಯಿತು. ಹೆಸರು ಎಂಪ್ರೆಸ್ ಮಿಲ್, ಅಂದರೆ ಚಕ್ರವರ್ತಿನಿ ಗಿರಣಿ. ಸ್ವದೇಶಿ ಉದ್ಯಮಿ ಎಂದು ನಾವು ಓದುವ ಮನುಷ್ಯನ ಗಿರಣಿಗೆ ಈ ಹೆಸರು! ಒಂಬತ್ತು ವರ್ಷದ ಮೇಲೆ, 1886ರಲ್ಲಿ, ಅದೇ ಮನುಷ್ಯ ಇನ್ನೊಂದು ಗಿರಣಿಗೆ ‘ಸ್ವದೇಶಿ’ ಎಂದು ಹೆಸರಿಟ್ಟರು. ಕಾನೂನು ಕೇಳುವ ಮೊದಲೇ ಎಂಪ್ರೆಸ್ ಮಿಲ್ಲಿನ ಕಾರ್ಮಿಕರಿಗೆ 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ ಬಂದವು. ನನಗೆ ಅವರು ಮುಂಬೈಯಲ್ಲಿ ಕಟ್ಟಿಸಿದ ತಾಜ್ ಹೋಟೆಲಿಗಿಂತ (1903) ಇದೇ ದೊಡ್ಡದಾಗಿ ಕಾಣುತ್ತದೆ.

ದಾನದ ವಿಷಯಕ್ಕೆ ಬಂದರೆ, ‘ದಾನಿ’ ಎಂದು ಬರೆದು ಮುಗಿಸಬೇಡಿ. 1892ರಲ್ಲಿ ಅವರು ಸ್ಥಾಪಿಸಿದ ದತ್ತಿ ನಿಧಿ ವಿದೇಶದಲ್ಲಿ ಓದುವವರಿಗೆ ಕೊಟ್ಟದ್ದು ಸಾಲ. ಒಬ್ಬ ತೀರಿಸಿದ ಹಣ ಮುಂದಿನವನಿಗೆ ಹೋಗುತ್ತಿತ್ತು.

ವಿಜ್ಞಾನ ಸಂಸ್ಥೆಗೂ ಇದೇ ಲೆಕ್ಕಾಚಾರ. ಮುಂಬೈಯಲ್ಲಿದ್ದ ತಮ್ಮ ಕಟ್ಟಡ, ಜಮೀನುಗಳನ್ನೇ ಕೊಡಲು ಮುಂದಾದರು. ಮೌಲ್ಯ ಸುಮಾರು 30 ಲಕ್ಷ ರೂಪಾಯಿ. ಬಾಡಿಗೆ ಬರುತ್ತಿರಬೇಕು, ಸಂಸ್ಥೆ ನಡೆಯುತ್ತಿರಬೇಕು. ಆದರೆ ವೈಸರಾಯ್ ಕರ್ಜನ್‌ಗೆ ಅನುಮಾನ: ಓದಲು ವಿದ್ಯಾರ್ಥಿಗಳು ಎಲ್ಲಿದ್ದಾರೆ, ಓದಿದವರಿಗೆ ಕೆಲಸ ಎಲ್ಲಿದೆ? ಪರಿಶೀಲನೆಗೆ ಬಂದ ರಸಾಯನ ವಿಜ್ಞಾನಿ ವಿಲಿಯಂ ರ‍್ಯಾಮ್ಸೆ ಬೆಂಗಳೂರೇ ಸೂಕ್ತ ಎಂದರು. ಮೈಸೂರು ಸಂಸ್ಥಾನ ಜಮೀನು ಕೊಡಲು ಮುಂದಾಯಿತು. ಕಡತ ಮಾತ್ರ ಮೇಜಿನಿಂದ ಮೇಜಿಗೆ ಅಲೆಯುತ್ತಲೇ ಇತ್ತು. ಅಷ್ಟರಲ್ಲಿ ಜಮ್‌ಶೆಡ್‌ಜಿ ಹೋದರು. ಮಗ ದೊರಾಬ್‌ಜಿ, ಆಪ್ತ ಬುರ್ಜೋರ್‌ಜಿ ಪಾದ್‌ಶಾ ಕೈಬಿಡಲಿಲ್ಲ. ಸರ್ಕಾರದ ಆದೇಶ ಬಂದದ್ದು 1909ರ ಮೇ 27ರಂದು, ಮೊದಲ ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ.

ಉಕ್ಕಿನ ಕಥೆಯೂ ಹೀಗೇ, ಯೋಜನೆ ಅವರದು, ಆದದ್ದು ಅವರ ನಂತರ: ಕಂಪನಿ 1907, ಮೊದಲ ಉಕ್ಕು 1912, ಸಾಕ್ಚಿ ಎಂಬ ಹಳ್ಳಿ ಜಮ್‌ಶೆಡ್‌ಪುರವಾದದ್ದು 1919ರಲ್ಲಿ. ಮುಂಬೈ ಬಳಿಯ ಖೋಪೋಲಿಯಲ್ಲಿ ಜಲವಿದ್ಯುತ್ ಶುರುವಾದದ್ದು 1915ರಲ್ಲಿ. ಮಕ್ಕಳಿಬ್ಬರೂ ತಮ್ಮ ಆಸ್ತಿಯನ್ನು ಟ್ರಸ್ಟುಗಳಿಗೆ ಬರೆದಿಟ್ಟರು. ಇಂದು ಟಾಟಾ ಸಮೂಹದ ಮೂಲ ಕಂಪನಿ ಟಾಟಾ ಸನ್ಸ್‌ನ ಸುಮಾರು ಮೂರನೇ ಎರಡರಷ್ಟು ಷೇರುಗಳು ಟಾಟಾ ಟ್ರಸ್ಟುಗಳ ಕೈಯಲ್ಲಿವೆ.

ಇನ್ನೊಂದು ಸಂಗತಿ, ಪಠ್ಯದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಜಪಾನಿನ ರೇಷ್ಮೆ ಕೃಷಿಯನ್ನು ನೋಡಿ ಬಂದ ಜಮ್‌ಶೆಡ್‌ಜಿ, ಅಲ್ಲಿನ ತಜ್ಞರನ್ನೇ ಕರೆಸಿ ಬೆಂಗಳೂರಿನ ಬಸವನಗುಡಿಯ ಬಳಿ ರೇಷ್ಮೆ ತೋಟ ಮಾಡಿಸಿದ್ದರು. ಆ ಬಡಾವಣೆಗೆ ಈಗಲೂ ಟಾಟಾ ಸಿಲ್ಕ್ ಫಾರ್ಮ್ ಎಂದೇ ಹೆಸರು. ಮೈಸೂರು ಸಂಸ್ಥಾನದ ರೇಷ್ಮೆ ಉದ್ಯಮದ ಮೇಲೆ ಪ್ರಶ್ನೆ ಬಂದರೆ ಈ ಒಂದು ಸಾಲನ್ನು ಅಲ್ಲಿಗೂ ಸೇರಿಸಬಹುದು.