ಎಂಟು ಗಂಟೆ ಕೂತರೂ ಆಲೂಗಡ್ಡೆ ಯಾಕೆ ಬೇಯಲಿಲ್ಲ?

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನನ್ನ ಮೊದಲ ಚಳಿಗಾಲ. ಹೊರಗೆ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ. ಈ ಊರಿನವರು ಇಂಥ ದಿನಗಳಲ್ಲಿ ಮಾಡುವ ಆಲೂಗಡ್ಡೆ ಚೀಸ್ ಸೂಪ್ ನಾನೂ ಮಾಡೋಣ ಅಂದುಕೊಂಡೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹೆಚ್ಚಿದ ಆಲೂಗಡ್ಡೆ, ಈರುಳ್ಳಿ, ಫ್ರಿಜ್‌ನಿಂದ ತೆಗೆದ ತಣ್ಣನೆಯ ಹಾಲು, ನಮ್ಮ ಗಟ್ಟಿ ಮೊಸರಿನಂಥ ಸೋರ್ ಕ್ರೀಮ್, ಒಂದು ಪ್ಯಾಕೆಟ್ ಚೆಡ್ಡರ್ ಚೀಸ್ ತುರಿ, ಎಲ್ಲವನ್ನೂ ಒಟ್ಟಿಗೆ ಸ್ಲೋ ಕುಕ್ಕರ್‌ಗೆ (ಗಂಟೆಗಟ್ಟಲೆ ನಿಧಾನಕ್ಕೆ ಬೇಯಿಸುವ ಕರೆಂಟಿನ ಪಾತ್ರೆ) ಸುರಿದು, ಗುಂಡಿಯನ್ನು ‘ಲೋ’ಗೆ ತಿರುಗಿಸಿ ಹೋದೆ. ಸಂಜೆ ಬಂದು ಮುಚ್ಚಳ ತೆಗೆದರೆ ಹಾಲು ಒಡೆದು ನೀರು ಬೇರೆ, ಗರಣೆ ಬೇರೆ ಆಗಿತ್ತು. ಮೇಲೆ ಜಿಡ್ಡು ತೇಲುತ್ತಿತ್ತು. ಚೀಸ್ ತಳದಲ್ಲಿ ರಬ್ಬರ್ ಮುದ್ದೆಯ ಹಾಗೆ ಕೂತಿತ್ತು. ಇಷ್ಟು ಹೊತ್ತು ಕಾದ ಹಾಲು ಒಡೆಯುವುದು ಹೇಗೋ ಅರ್ಥವಾಯಿತು. ಅರ್ಥವಾಗದೇ ಇದ್ದದ್ದು ಆಲೂಗಡ್ಡೆ. ಎಂಟು ಗಂಟೆ ಬಿಸಿಯಲ್ಲಿ ಕೂತ ಹೋಳು ಹಲ್ಲಿಗೆ ಇನ್ನೂ ಕರಕ್ ಅನ್ನುತ್ತಿತ್ತು!

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅಮ್ಮ ಆಗ ಸ್ಲೋ ಕುಕ್ಕರ್ ಕಣ್ಣಲ್ಲೂ ನೋಡಿರಲಿಲ್ಲ. “ಹುಳಿ ಹಾಕಿದ್ಮೇಲೆ ತರಕಾರಿ ಎಲ್ಲಾದ್ರೂ ಬೇಯತ್ತಾ? ಮೊದ್ಲು ಬೇಯಿಸ್ಕೋಬೇಕು, ಮಿಕ್ಕಿದ್ದೆಲ್ಲ ಆಮೇಲೆ” ಅಂದರು. ಈ ಸೂಪಿನ ಅರ್ಧ ರಸಾಯನಶಾಸ್ತ್ರ ಆ ಒಂದು ಮಾತಿನಲ್ಲಿದೆ. ಸ್ಲೋ ಕುಕ್ಕರ್ ಅಡುಗೆ ಹೇಳಿಕೊಡುವವರು ಸಾಮಾನ್ಯವಾಗಿ ಎಷ್ಟು ಗಂಟೆ ಅನ್ನುವುದನ್ನೇ ಹೇಳುತ್ತಾರೆ. ಯಾವುದು ಮೊದಲು, ಯಾವುದು ಕೊನೆಗೆ ಅನ್ನುವುದು ಗಂಟೆಗಿಂತ ಜಾಸ್ತಿ ಮುಖ್ಯ ಅಂತ ನನಗೆ ಈಗ ಖಚಿತವಾಗಿದೆ.

ಮೊದಲು ಈ ಪಾತ್ರೆಯ ವಿಷಯ. ಸ್ಲೋ ಕುಕ್ಕರ್ ನಮ್ಮ ಪ್ರೆಷರ್ ಕುಕ್ಕರ್‌ಗೆ ಪೂರ್ತಿ ಉಲ್ಟಾ. ಪ್ರೆಷರ್ ಕುಕ್ಕರ್‌ನಲ್ಲಿ ಆವಿಯ ಒತ್ತಡದಿಂದ ನೀರು ಸುಮಾರು 120 ಡಿಗ್ರಿವರೆಗೆ ಕಾಯುತ್ತದೆ, ಮೂರ್ನಾಲ್ಕು ಸೀಟಿಗೆ ಆಲೂಗಡ್ಡೆ ಬೆಂದು ಸಿಪ್ಪೆ ಬಿಡುತ್ತದೆ. ಇದರಲ್ಲಿ ಒಂದು ದಪ್ಪ ಪಿಂಗಾಣಿ ಮಡಕೆ, ಅದರ ಸುತ್ತ ಬಿಸಿಯಾಗುವ ತಂತಿ, ಮೇಲೊಂದು ಗಾಜಿನ ಮುಚ್ಚಳ, ಅಷ್ಟೇ. ಒತ್ತಡ ಇಲ್ಲ. ಹೆಚ್ಚಿನ ಮಾದರಿಗಳಲ್ಲಿ ‘ಲೋ’ ಇಟ್ಟರೂ ‘ಹೈ’ ಇಟ್ಟರೂ ಕೊನೆಗೆ ಮುಟ್ಟುವ ಬಿಸಿ ಹೆಚ್ಚುಕಮ್ಮಿ ಒಂದೇ, ಕುದಿಯುವುದಕ್ಕೆ ಸ್ವಲ್ಪ ಕೆಳಗೆ. ಅಲ್ಲಿಗೆ ತಲುಪಲು ಹಿಡಿಯುವ ಸಮಯ ಮಾತ್ರ ಬೇರೆ.

ಇದರ ಹುಟ್ಟಿನ ಕಥೆ ನನಗೆ ತುಂಬಾ ಇಷ್ಟ. ಚಿಕಾಗೋದ ಇರ್ವಿಂಗ್ ನಾಕ್ಸನ್ ಅನ್ನುವವರು 1936ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1940ರಲ್ಲಿ ಅದು ಸಿಕ್ಕಿತು. ಅವರ ತಾಯಿ ಲಿಥುವೇನಿಯಾದ ತಮ್ಮ ಊರಿನ ಅಡುಗೆಯ ಬಗ್ಗೆ ಹೇಳುತ್ತಿದ್ದರಂತೆ. ಯಹೂದಿಗಳಿಗೆ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಸಬ್ಬತ್, ಬೆಂಕಿ ಹಚ್ಚುವಂತಿಲ್ಲ. ಹಾಗಾಗಿ ಕಾಳು, ಮಾಂಸ, ಗೆಡ್ಡೆ ಹಾಕಿದ ಚೋಲೆಂಟ್ ಮಡಕೆಯನ್ನು ಶುಕ್ರವಾರವೇ ಬೇಕರಿಯ ಒಲೆಯೊಳಗೆ ಇಟ್ಟು ಬರುತ್ತಿದ್ದರು. ಬ್ರೆಡ್ಡು ಸುಟ್ಟು ಮುಗಿದ ಒಲೆ ರಾತ್ರಿಯೆಲ್ಲ ನಿಧಾನಕ್ಕೆ ಆರುತ್ತಿತ್ತು, ಮಡಕೆಯೊಳಗಿನದು ಬೇಯುತ್ತಿತ್ತು. ಹಳ್ಳಿಮನೆಯಲ್ಲಿ ಬೂದಿ ಮುಚ್ಚಿದ ಕೆಂಡದ ಮೇಲೆ ಹಾಲಿನ ಪಾತ್ರೆ ಇಟ್ಟು ದಪ್ಪ ಕೆನೆ ಕಟ್ಟಿಸುತ್ತಿದ್ದದ್ದು ನೆನಪಿರುವವರಿಗೆ ಇದು ಹೊಸದೇನಲ್ಲ. ನಾಕ್ಸನ್‌ರ ಕಂಪನಿಯನ್ನು 1970ರಲ್ಲಿ ರೈವಲ್ ಅನ್ನುವ ಕಂಪನಿ ಕೊಂಡುಕೊಂಡಿತು. 1971ರಲ್ಲಿ ಅದೇ ಪಾತ್ರೆ ‘ಕ್ರಾಕ್-ಪಾಟ್’ ಅನ್ನುವ ಹೆಸರಲ್ಲಿ ಮಾರುಕಟ್ಟೆಗೆ ಬಂತು.

ಈಗ ಒಂದು ವ್ಯತ್ಯಾಸ ಗಮನಿಸಿ. ಬೇಕರಿ ಒಲೆ ಬಿಸಿಯಿಂದ ಶುರುವಾಗಿ ತಣ್ಣಗಾಗುತ್ತಿತ್ತು. ಸ್ಲೋ ಕುಕ್ಕರ್ ತಣ್ಣಗೆ ಶುರುವಾಗಿ ಬಿಸಿಯಾಗುತ್ತದೆ, ಅದೂ ಆಮೆ ವೇಗದಲ್ಲಿ. ನನ್ನ ಆಲೂಗಡ್ಡೆ ಕೈಕೊಟ್ಟದ್ದು ಇಲ್ಲೇ.

ಲೆಕ್ಕ ಹಾಕಿ ನೋಡೋಣ. ಒಂದು ಕಿಲೋ ಆಲೂಗಡ್ಡೆ, ಒಂದೂವರೆ ಲೀಟರ್ ಹಾಲು-ನೀರು ಅಂದರೆ ಎರಡೂವರೆ ಕಿಲೋ ಪದಾರ್ಥ. ಇದರ ಬಿಸಿಯನ್ನು ಒಂದು ಡಿಗ್ರಿ ಏರಿಸಲು ಸುಮಾರು 10 ಕಿಲೋಜೂಲ್ ಬೇಕು. 2000 ವ್ಯಾಟ್‌ನ ಇಂಡಕ್ಷನ್ ಒಲೆ ನಿಮಿಷಕ್ಕೆ 120 ಕಿಲೋಜೂಲ್ ಕೊಡುತ್ತದೆ. ನನ್ನ ಸ್ಲೋ ಕುಕ್ಕರ್ 240 ವ್ಯಾಟ್‌ನದು, ಅದು ಕೊಡುವುದು ನಿಮಿಷಕ್ಕೆ 14 ಚಿಲ್ಲರೆ. ‘ಲೋ’ದಲ್ಲಿ ಇನ್ನೂ ಕಡಿಮೆ. ಅದರಲ್ಲೂ ಒಂದಷ್ಟನ್ನು ದಪ್ಪ ಮಡಕೆ ತಾನೇ ಹೀರಿಕೊಳ್ಳುತ್ತದೆ, ಒಂದಷ್ಟು ಅಡುಗೆಮನೆಯ ಗಾಳಿಗೆ ಹೋಗುತ್ತದೆ. ಇಂಡಕ್ಷನ್ ಮೇಲೆ 50 ಡಿಗ್ರಿಯಿಂದ 70 ಡಿಗ್ರಿಗೆ ಏರಲು ಎರಡು ನಿಮಿಷ ಸಾಕು. ಸ್ಲೋ ಕುಕ್ಕರ್‌ನಲ್ಲಿ ಅದೇ ದಾರಿಗೆ ಸುಲಭವಾಗಿ ಅರ್ಧ ಗಂಟೆ ದಾಟುತ್ತದೆ.

ಆ 50ರಿಂದ 70 ಡಿಗ್ರಿ ನಡುವೆ ಏನಾಗುತ್ತದೆ? ಆಲೂಗಡ್ಡೆಯ ಒಂದೊಂದು ಜೀವಕೋಶವನ್ನೂ ಒಂದು ಇಟ್ಟಿಗೆ ಅಂದುಕೊಳ್ಳಿ. ಇಟ್ಟಿಗೆಗಳನ್ನು ಅಂಟಿಸಿ ಹಿಡಿದಿರುವ ಗಾರೆ ಪೆಕ್ಟಿನ್. ಜಾಮ್ ಗಟ್ಟಿಯಾಗುವುದು ಇದರಿಂದಲೇ. ತರಕಾರಿ ಬೇಯುವುದು ಅಂದರೆ ಮುಖ್ಯವಾಗಿ ಈ ಗಾರೆ ಕರಗುವುದು, ಅದಕ್ಕೆ 80 ಡಿಗ್ರಿಗಿಂತ ಮೇಲಿನ ಬಿಸಿ ಬೇಕು. ಆದರೆ ಆಲೂಗಡ್ಡೆಯೊಳಗೆ ಒಂದು ಕಿಣ್ವ ಇದೆ. 50-60 ಡಿಗ್ರಿಯ ಆಸುಪಾಸಿನಲ್ಲಿ ಅದು ಚುರುಕಾಗಿ ಪೆಕ್ಟಿನ್ನಿನ ಎಳೆಗಳ ಮೇಲಿರುವ ಸಣ್ಣ ಸಣ್ಣ ಪರಮಾಣು ಗುಂಪುಗಳನ್ನು ಕತ್ತರಿಸುತ್ತದೆ. ಕತ್ತರಿಸಿದ ಜಾಗಕ್ಕೆ ಕ್ಯಾಲ್ಸಿಯಂ ಬಂದು ಕೂತು, ಒಂದು ಎಳೆಯನ್ನು ಇನ್ನೊಂದಕ್ಕೆ ಬಿಗಿಯಾಗಿ ಕಟ್ಟಿಬಿಡುತ್ತದೆ. ಗಾರೆ ಇದ್ದದ್ದು ಸಿಮೆಂಟ್ ಆದ ಹಾಗೆ. ಇಪ್ಪತ್ತು ಮೂವತ್ತು ನಿಮಿಷ ಹೀಗೆ ಕೂತ ಆಲೂಗಡ್ಡೆಯನ್ನು ಆಮೇಲೆ ಎಷ್ಟು ಹೊತ್ತು ಕುದಿಸಿದರೂ ಅದು ಸುಲಭಕ್ಕೆ ಮೆತ್ತಗಾಗುವುದಿಲ್ಲ. ಹೋಳು ಹೋಳಾಗಿಯೇ ಉಳಿಯಬೇಕಾದ ಸಾಲಡ್‌ಗೆ ಕೆಲವರು ಬೇಕಂತಲೇ ಹೀಗೆ ಮಾಡುತ್ತಾರೆ. ನಾನು ಸೂಪಿಗೆ ಗೊತ್ತಿಲ್ಲದೆ ಮಾಡಿದ್ದೆ.

ಕ್ಯಾಲ್ಸಿಯಂ ಕೊರತೆಯಂತೂ ಇರಲಿಲ್ಲ. 100 ಮಿಲಿ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಇರುತ್ತದೆ, ನಾನು ಸುರಿದದ್ದು ಒಂದು ಲೀಟರ್. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬೇಳೆ ಬೇಯಲ್ಲ ಅಂತ ಬೆಂಗಳೂರಿನ ಎಷ್ಟು ಮನೆಗಳಲ್ಲಿ ಗೊಣಗುತ್ತಾರೆ ಅಲ್ವಾ? ಅಲ್ಲೂ ಇದೇ ಕ್ಯಾಲ್ಸಿಯಂ, ಇದೇ ಪೆಕ್ಟಿನ್. ಅದಕ್ಕೇ ಚಿಟಿಕೆ ಅಡುಗೆ ಸೋಡಾ ಹಾಕುವುದು, ಕ್ಷಾರದಲ್ಲಿ ಪೆಕ್ಟಿನ್ ಬೇಗ ಮುರಿಯುತ್ತದೆ. ಹುಳಿಯಲ್ಲಿ ಅದು ಮುರಿಯುವುದು ಬಲು ನಿಧಾನ. ಸೋರ್ ಕ್ರೀಮ್ ಹುಳಿ ಪದಾರ್ಥ. ತರಕಾರಿ ಬೆಂದ ಮೇಲೆ ಹುಣಸೆರಸ ಬಿಡಬೇಕು ಅನ್ನುವ ನಮ್ಮ ಸಾಂಬಾರಿನ ನಿಯಮವೇ ಇದು. ಅಮ್ಮನ ಮಾತು ನನ್ನ ಸೂಪಿಗೆ ಅಕ್ಷರಶಃ ಹೊಂದುತ್ತಿತ್ತು.

ಹಾಗಾದರೆ ಹೋಳುಗಳ ಮೇಲೆ ಕುದಿಯುವ ನೀರು ಸುರಿದುಬಿಟ್ಟರೆ? ನಾನೂ ಹಾಗೇ ಅಂದುಕೊಂಡೆ. ಆದರೆ ಒಂದು ಕಿಲೋ ತಣ್ಣನೆಯ ಆಲೂಗಡ್ಡೆಗೆ ಒಂದು ಲೀಟರಿಗಿಂತ ತುಸು ಹೆಚ್ಚು ಕುದಿಯುವ ನೀರು ಬೆರೆಸಿ, ತಣ್ಣನೆಯ ಮಡಕೆಯನ್ನೂ ಲೆಕ್ಕಕ್ಕೆ ಹಿಡಿದರೆ ಬಿಸಿ ಬಂದು ನಿಲ್ಲುವುದು 60 ಡಿಗ್ರಿ ಹತ್ತಿರ. ಎಲ್ಲಿ ನಿಲ್ಲಬಾರದೋ ಅಲ್ಲೇ! ಸರಿಯಾದ ದಾರಿ ಒಂದೇ: ಆಲೂಗಡ್ಡೆಯನ್ನು ನೀರಿನ ಜೊತೆ ಒಲೆಯ ಮೇಲಿಟ್ಟು, ಕುದಿ ಬಂದ ಮೇಲೆ ಐದು ನಿಮಿಷ ಬಿಟ್ಟು, ಆಮೇಲೆ ಸ್ಲೋ ಕುಕ್ಕರ್‌ಗೆ ಹಾಕುವುದು. ಅಷ್ಟರಲ್ಲಿ ಕಿಣ್ವ ಸತ್ತಿರುತ್ತದೆ, ಬಿಸಿಯೂ 80ರ ಮೇಲೆ ಇರುತ್ತದೆ. ಒಲೆ ಹಚ್ಚುವುದಾದರೆ ಸ್ಲೋ ಕುಕ್ಕರ್ ಯಾಕೆ ಅಂತ ನೀವು ಕೇಳಬಹುದು. ನನಗೆ ಅದು ಬೇಕಾಗಿರುವುದು ಮಿಕ್ಕ ಆರು ಗಂಟೆ ಮನೆಯಿಂದ ಹೊರಗೆ ನೆಮ್ಮದಿಯಾಗಿರಲು, ಹತ್ತು ನಿಮಿಷ ಒಲೆ ಮುಂದೆ ನಿಂತರೆ ಅದಕ್ಕೇನೂ ತೊಂದರೆಯಿಲ್ಲ.

ಸೂಪ್ ಮಂದವಾಗುವುದು ಆಲೂಗಡ್ಡೆಯ ಗಂಜಿಯಿಂದ, ಅಂದರೆ ಪಿಷ್ಟದಿಂದ. 60 ಡಿಗ್ರಿ ದಾಟಿದ ಮೇಲೆ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ. ಇಲ್ಲಿ ಜಾತಿ ನೋಡಿ ಕೊಳ್ಳಬೇಕು. ಅಮೆರಿಕದಲ್ಲಿ ರಸೆಟ್ ಅಂತ ಸಿಗುವ ಒರಟು ಸಿಪ್ಪೆಯ ಆಲೂಗಡ್ಡೆಯಲ್ಲಿ ಪಿಷ್ಟ ಜಾಸ್ತಿ, ಬೆಂದರೆ ಹಿಟ್ಟಿನ ಹಾಗೆ ಉದುರುತ್ತದೆ. ಕೆಂಪು ಸಿಪ್ಪೆಯದು ಹೋಳಾಗಿ ಉಳಿಯುತ್ತದೆ. ಮುಕ್ಕಾಲು ಪಾಲು ರಸೆಟ್, ಕಾಲು ಪಾಲು ಕೆಂಪು ಹಾಕಿದರೆ ಸೂಪ್ ಮಂದವಾಗಿಯೂ ಇರುತ್ತದೆ, ಬಾಯಿಗೆ ಹೋಳೂ ಸಿಗುತ್ತದೆ. ಬೆಂದ ಮೇಲೆ ಸೌಟಿನ ಬೆನ್ನಿನಿಂದ ಅರ್ಧದಷ್ಟನ್ನು ಮಸೆಯಿರಿ. ಮಿಕ್ಸಿಗೆ ಮಾತ್ರ ಹಾಕಬೇಡಿ. ಬ್ಲೇಡು ಜೀವಕೋಶಗಳನ್ನು ಸೀಳಿ ಒಳಗಿನ ಗಂಜಿಯನ್ನೆಲ್ಲ ಹೊರಗೆ ಚೆಲ್ಲುತ್ತದೆ, ಸೂಪ್ ಅಂಟಂಟಾಗಿ ಗೋಂದಿನಂತಾಗುತ್ತದೆ.

ಇನ್ನು ಚೀಸ್. ಚೀಸ್ ಅಂದರೆ ಕೇಸಿನ್ ಅನ್ನುವ ಹಾಲಿನ ಪ್ರೋಟೀನಿನ ಬಲೆ, ಆ ಬಲೆಯೊಳಗೆ ಸಿಕ್ಕಿಕೊಂಡ ಕೊಬ್ಬು ಮತ್ತು ನೀರು. ಬಲೆಯ ಗಂಟುಗಳಲ್ಲಿ ಇಲ್ಲೂ ಕ್ಯಾಲ್ಸಿಯಂ ಇದೆ. ಚೆಡ್ಡರ್ ಸುಮಾರು 65 ಡಿಗ್ರಿಗೆ ಸಡಿಲವಾಗಿ ಹರಿಯುತ್ತದೆ. ಅದಕ್ಕಿಂತ ಜಾಸ್ತಿ ಬಿಸಿಯಲ್ಲಿ ತುಂಬಾ ಹೊತ್ತು ಇಟ್ಟರೆ ಬಲೆ ಬಿಗಿದುಕೊಂಡು ಕೊಬ್ಬನ್ನೂ ನೀರನ್ನೂ ಹಿಂಡಿ ಹೊರಗೆ ಹಾಕುತ್ತದೆ. ನನ್ನ ರಬ್ಬರ್ ಮುದ್ದೆ, ಮೇಲೆ ತೇಲಿದ ಜಿಡ್ಡು ಎರಡಕ್ಕೂ ಇದೇ ಕಾರಣ. ಹಾಗಾಗಿ ಚೀಸ್ ಹಾಕಬೇಕಾದದ್ದು ಸ್ವಿಚ್ ಆರಿಸಿ ಹತ್ತು ನಿಮಿಷ ಆದ ಮೇಲೆ, ಹಿಡಿ ಹಿಡಿಯಾಗಿ, ಕೈಯಾಡಿಸುತ್ತಾ. ವರ್ಷಗಟ್ಟಲೆ ಹಳತಾದ ಚೆಡ್ಡರ್‌ಗೆ ರುಚಿ ಜಾಸ್ತಿ, ಆದರೆ ಅದು ಬೇಗ ಜಿಡ್ಡು ಬಿಡುತ್ತದೆ. ಎಳೆಯದು ನಯವಾಗಿ ಕರಗುತ್ತದೆ. ಎರಡನ್ನೂ ಅರ್ಧರ್ಧ ಬೆರೆಸುವುದು ನನ್ನ ರೂಢಿ.

ಚೀಸ್ ಒಡೆಯದಂತೆ ಕಾಯುವ ಇನ್ನೊಂದು ಉಪಾಯ ಹಿಟ್ಟು. ಮಜ್ಜಿಗೆ ಹುಳಿ ಮಾಡುವಾಗ ನೆನೆಸಿದ ಕಡಲೆಬೇಳೆಯನ್ನೋ ಅಕ್ಕಿಯನ್ನೋ ಕಾಯಿಯ ಜೊತೆ ರುಬ್ಬಿ ಹಾಕುತ್ತೇವೆ, ಮಜ್ಜಿಗೆ ಬಿಟ್ಟ ಮೇಲೆ ಜೋರಾಗಿ ಕುದಿಸುವುದಿಲ್ಲ. ಪಿಷ್ಟ ಪ್ರೋಟೀನ್ ಕಣಗಳ ನಡುವೆ ಸೇರಿಕೊಂಡು, ಅವು ಒಂದಕ್ಕೊಂದು ಅಂಟಿ ಗರಣೆ ಕಟ್ಟದಂತೆ ತಡೆಯುತ್ತದೆ. ಸೂಪಿಗೆ ಬೆಣ್ಣೆಯಲ್ಲಿ ಹುರಿದ ಎರಡು ಚಮಚ ಮೈದಾ ಹಾಕುವುದು ಇದಕ್ಕೇ. ಮಜ್ಜಿಗೆ ಹುಳಿ ಕೆಡದಂತೆ ಮಾಡಬಲ್ಲವರಿಗೆ ಈ ಸೂಪ್ ಖಂಡಿತ ಕಷ್ಟ ಅಲ್ಲ.

ಮೂರನೆಯ ಉಪಾಯ ಸ್ವಿಟ್ಜರ್ಲೆಂಡಿನದು. 1911ರಲ್ಲಿ ಥೂನ್ ಅನ್ನುವ ಊರಿನಲ್ಲಿ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಚೀಸಿಗೆ ಸೋಡಿಯಂ ಸಿಟ್ರೇಟ್ ಬೆರೆಸಿ ಕರಗಿಸಿದರು. ಸಿಟ್ರೇಟ್ ಬಲೆಯ ಗಂಟಿನಲ್ಲಿದ್ದ ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುತ್ತದೆ, ಆ ಜಾಗಕ್ಕೆ ಸೋಡಿಯಂ ಬರುತ್ತದೆ. ಬಿಡಿಯಾದ ಕೇಸಿನ್ ಕೊಬ್ಬನ್ನೂ ನೀರನ್ನೂ ಒಟ್ಟಿಗೆ ಹಿಡಿದಿಡುತ್ತದೆ. ಪ್ರೊಸೆಸ್ಡ್ ಚೀಸ್ ಹುಟ್ಟಿದ್ದು ಹೀಗೆ, ನಮ್ಮೂರಿನ ಅಂಗಡಿಗಳಲ್ಲಿ ಸಿಗುವ ಅಮುಲ್ ಕ್ಯೂಬ್ ಕೂಡ ಇದೇ ಬಗೆಯದು. ಅಂಥ ಚೀಸ್ ಬಳಸಿದರೆ ಸೂಪ್ ಒಡೆಯುವುದು ತೀರಾ ಕಡಿಮೆ. ಬರೀ ಚೆಡ್ಡರ್ ಬಳಸುವವರು ಎರಡು ದೊಡ್ಡ ಚಮಚ ನಿಂಬೆರಸಕ್ಕೆ ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿ, ನೊರೆ ಇಳಿದ ಮೇಲೆ ಸೂಪಿಗೆ ಬಿಡಬಹುದು. ನಿಂಬೆಯ ಸಿಟ್ರಿಕ್ ಆಮ್ಲ ಸೋಡಾ ಜೊತೆ ಸೇರಿ ಸೋಡಿಯಂ ಸಿಟ್ರೇಟೇ ಆಗಿರುತ್ತದೆ.

ಈಗ ನಾನು ಮಾಡುವುದು ಹೀಗೆ. ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಬೆಣ್ಣೆಯಲ್ಲಿ ಕೆಂಪಗೆ ಹುರಿಯುತ್ತೇನೆ, ಯಾಕೆಂದರೆ ನೀರಿನ ಬಿಸಿಯಲ್ಲಿ ಆ ಕಂಪು ಹುಟ್ಟುವುದಿಲ್ಲ. ಅದಕ್ಕೆ ಮೈದಾ ಹಾಕಿ ಒಂದು ನಿಮಿಷ ಹುರಿದು, ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ತರಕಾರಿ ಬೇಯಿಸಿದ ನೀರು, ಒಂದೂವರೆ ಸೆಂಟಿಮೀಟರ್ ಹೋಳು ಮಾಡಿದ ಒಂದು ಕಿಲೋ ಆಲೂಗಡ್ಡೆ, ಉಪ್ಪು ಸೇರಿಸಿ ಕುದಿಸುತ್ತೇನೆ. ಸ್ಲೋ ಕುಕ್ಕರ್ ಮಡಕೆಗೆ ಮೊದಲೇ ಬಿಸಿ ನೀರು ತುಂಬಿಟ್ಟು ಬೆಚ್ಚಗೆ ಮಾಡಿರುತ್ತೇನೆ, ಇಲ್ಲದಿದ್ದರೆ ಪಿಂಗಾಣಿ ಬಿರುಕು ಬಿಡಬಹುದು. ‘ಲೋ’ದಲ್ಲಿ ಆರು ಗಂಟೆ. ನಡುವೆ ಮುಚ್ಚಳ ತೆಗೆಯುವುದಿಲ್ಲ, ಒಮ್ಮೆ ತೆಗೆದರೆ ಹೋದ ಬಿಸಿ ಮರಳಲು ಇಪ್ಪತ್ತು ನಿಮಿಷವಾದರೂ ಬೇಕು. ಸಂಜೆ ಮಸೆದು, ಬೆಚ್ಚಗಿನ ಕ್ರೀಮ್ ಒಂದು ಕಪ್, ಕೊನೆಗೆ 200 ಗ್ರಾಂ ಚೀಸ್. ಹಾಲಿಗಿಂತ ಕ್ರೀಮ್ ಒಳ್ಳೆಯದು, ಅದರಲ್ಲಿ ಕೊಬ್ಬು ಜಾಸ್ತಿ, ಗರಣೆ ಕಟ್ಟುವ ಪ್ರೋಟೀನ್ ಕಡಿಮೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸ್ಲೋ ಕುಕ್ಕರ್ ಕೊಂಡವರು ಮುಂದೆ ರಾಜ್ಮಾ ಮಾಡಲು ಹೊರಡುತ್ತಾರೆ. ದಯವಿಟ್ಟು ಹಸಿ ರಾಜ್ಮಾ ಕಾಳನ್ನು ನೇರವಾಗಿ ಇದರಲ್ಲಿ ಹಾಕಬೇಡಿ. ಅದರಲ್ಲಿರುವ ಲೆಕ್ಟಿನ್ ಅನ್ನುವ ವಿಷ ಹೋಗಲು ಚೆನ್ನಾಗಿ ಕುದಿಯಬೇಕು. 80 ಡಿಗ್ರಿ ಆಸುಪಾಸಿನ ಮೆಲ್ಲಗಿನ ಬಿಸಿ ಅದನ್ನು ಇನ್ನಷ್ಟು ಜೋರು ಮಾಡಬಹುದು. ನಾಲ್ಕೈದು ಕಾಳಿಗೇ ವಾಂತಿ-ಭೇದಿ ಆಗಬಹುದು. ರಾತ್ರಿ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಆಮೇಲೆ ಹಾಕಿ, ಇಲ್ಲವೇ ಪ್ರೆಷರ್ ಕುಕ್ಕರ್‌ನಲ್ಲೇ ಮಾಡಿ.

ಉಳಿದ ಸೂಪ್ ಫ್ರಿಜ್‌ನಲ್ಲಿ ಮಾರನೇ ದಿನಕ್ಕೆ ಗಂಜಿ ಕಟ್ಟಿದ ಹಾಗೆ ಗಟ್ಟಿಯಾಗಿರುತ್ತದೆ. ತಣ್ಣಗಾದಾಗ ಪಿಷ್ಟದ ಎಳೆಗಳು ಮತ್ತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ವಲ್ಪ ಹಾಲು ಬೆರೆಸಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಸರಿಹೋಗುತ್ತದೆ, ಕುದಿ ಬರಿಸಬಾರದು. ಫ್ರೀಜರ್‌ಗೆ ಇಡುವುದು ಬೇಡ, ಕರಗಿದಾಗ ನೀರು ಬಿಟ್ಟು ಮರಳು ಮರಳಾಗುತ್ತದೆ. ಅಮ್ಮ ಇಲ್ಲಿಗೆ ಬಂದಿದ್ದಾಗ ಎರಡನೇ ದಿನದ ಸೂಪಿಗೆ ತುಪ್ಪದಲ್ಲಿ ಜೀರಿಗೆ, ಕುಟ್ಟಿದ ಮೆಣಸು ಒಗ್ಗರಣೆ ಹಾಕಿದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಮೊದಲನೇ ದಿನವೂ ಹಾಗೇ ಮಾಡುತ್ತೇವೆ.