ವಿಷಯ ಸಿಕ್ಕಿತು, ಪ್ರಶ್ನೆ ಎಲ್ಲಿ?

ಕೊಡಗಿನ ಶಾಲೆಗಳಲ್ಲಿ ಪ್ರಬಂಧಕ್ಕೆ ಕೊಡುವ ವಿಷಯಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಕನ್ನಡಕ್ಕೆ ಕಥೆಗಾರ್ತಿ ಕೊಡಗಿನ ಗೌರಮ್ಮ, ಇತಿಹಾಸಕ್ಕೆ ಕೊಡಗಿನ ಕೊನೆಯ ದೊರೆ ಚಿಕ್ಕವೀರರಾಜೇಂದ್ರ ಅಥವಾ ಬ್ರಿಟಿಷರ ವಿರುದ್ಧ ಎದ್ದ ಅಮರ ಸುಳ್ಯದ ದಂಗೆ, ವಿಜ್ಞಾನಕ್ಕೆ ಕಾಫಿ, ಮಳೆ, ಭೂಕುಸಿತ. ವಿಷಯಗಳೇನೋ ಒಳ್ಳೆಯವೇ. ಆದರೆ ಮಕ್ಕಳು ಗೌರಮ್ಮ ಎಂದರೆ ಹುಟ್ಟಿನಿಂದ ಸಾವಿನವರೆಗೆ, ಕಾಫಿ ಎಂದರೆ ಬಾಬಾ ಬುಡನ್ ಅವರಿಂದ ಹಿಡಿದು ರಫ್ತಿನವರೆಗೆ ಬರೆದು ಎಂಟು ಪುಟ ತುಂಬಿಸುತ್ತಾರೆ. ಅಕ್ಷರ ದುಂಡಗಿರುತ್ತದೆ, ಚಿತ್ರ ಅಂಟಿಸಿರುತ್ತಾರೆ. ಪೂರ್ತಿ ಓದಿದ ಮೇಲೂ ಈ ಮಗು ಏನನ್ನು ಹುಡುಕಿತು ಎಂಬುದು ಮಾತ್ರ ತಿಳಿಯುವುದಿಲ್ಲ.

ವಿಷಯ ಬೇರೆ, ಪ್ರಶ್ನೆ ಬೇರೆ. ಎಷ್ಟು ಸಲ ಹೇಳಿದರೂ ಮಕ್ಕಳ ತಲೆಗೆ ಹೋಗದ, ಅವರಿಗಿಂತ ಹೆಚ್ಚಾಗಿ ಹೆತ್ತವರ ತಲೆಗೆ ಹೋಗದ ಮಾತು ಇದೊಂದೇ. ಹಾಗಾಗಿ ಬಿಡಿಸಿಯೇ ಹೇಳುತ್ತೇನೆ. ‘ಅಮರ ಸುಳ್ಯದ ದಂಗೆ’ ಎಂಬುದು ವಿಷಯ. ‘ಅಮರ ಸುಳ್ಯದ ದಂಗೆಯ ಕಾರಣಗಳು ಮತ್ತು ಪರಿಣಾಮಗಳು’ ಎಂದರೂ ಅದು ವಿಷಯವೇ, ಉದ್ದವಾಯಿತು, ಅಷ್ಟೇ. ‘1834ರಲ್ಲಿ ದೊರೆಯನ್ನು ಇಳಿಸಿದಾಗ ಏಳದ ಜನ 1837ರಲ್ಲಿ ಏಕೆ ಎದ್ದರು, ಅದೂ ಸುಳ್ಯದ ಕಡೆಯಿಂದ ಏಕೆ?’ ಇದು ಪ್ರಶ್ನೆ. ಇದಕ್ಕೆ ಉತ್ತರ ಕೊಟ್ಟರೆ ತಪ್ಪಾಗುವ ಸಾಧ್ಯತೆ ಇದೆ, ಪಕ್ಕದ ಬೆಂಚಿನವನು ಒಪ್ಪದೆ ವಾದ ಮಾಡಬಹುದು. ಯಾರೂ ಅಲ್ಲಗಳೆಯಲಾಗದ ಮಾತನ್ನೇ ಎಂಟು ಪುಟ ಬರೆದಿದ್ದರೆ ಪ್ರಶ್ನೆ ಸಿಕ್ಕಿಲ್ಲ ಎಂದೇ ತಿಳಿಯಬೇಕು.

ಪ್ರಶ್ನೆ ಸಿಕ್ಕಿದ ಕೂಡಲೇ ಏನು ಓದಬೇಕು, ಏನನ್ನು ಬಿಡಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಕೊಡಗನ್ನು ಆಳಿದ ಹಾಲೇರಿ ವಂಶದ ಅಷ್ಟೂ ರಾಜರ ಪಟ್ಟಿ ಇಲ್ಲಿ ಬೇಡ. ಬೇಕಾದದ್ದು 1834ರ ನಂತರ ಏನಾಯಿತು ಎಂಬುದು. ದೊರೆಯ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಭಾಗಗಳನ್ನು ಈಸ್ಟ್ ಇಂಡಿಯಾ ಕಂಪನಿಯವರು ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕಾಯಿತು. ಕೈಯಲ್ಲಿ ರೊಕ್ಕವಿಲ್ಲದ ರೈತನಿಗೆ ಇದರಿಂದ ಏನಾಗುತ್ತದೆ ಎಂದು ಯೋಚಿಸಿದರೆ ಒಂದು ಪುಟ ಸಿದ್ಧ. ದಂಗೆಕೋರರು ಮಂಗಳೂರಿನವರೆಗೂ ಹೋಗಿ ಕೆಲವು ದಿನ ಅದನ್ನು ಕೈವಶ ಮಾಡಿಕೊಂಡಿದ್ದರು. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದರು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಆದರೆ ಅದೇ ದಂಗೆಯಲ್ಲಿ ತನ್ನ ಪಕ್ಷ ನಿಂತ ಕೊಡಗಿನವರಿಗೆ ಕಂಪನಿ ಸರ್ಕಾರ ಪದಕ ಕೊಟ್ಟಿತ್ತು ಎಂಬುದನ್ನು ಬರೆಯುವವರು ಅಪರೂಪ. ಪ್ರಶ್ನೆ ಇಟ್ಟುಕೊಂಡವನಿಗೆ ಇದು ಬಿಡಲಾಗದ ಸಂಗತಿ. ಒಂದೇ ನಾಡಿನಲ್ಲಿ ಕೆಲವರು ಎದ್ದದ್ದೇಕೆ, ಕೆಲವರು ಏಳದೆ ಹೋದದ್ದೇಕೆ ಎಂಬಲ್ಲಿಂದಲೇ ಪ್ರಬಂಧಕ್ಕೆ ಜೀವ ಬರುತ್ತದೆ.

ಇನ್ನೊಂದು ಎಚ್ಚರಿಕೆ. ಚಿಕ್ಕವೀರರಾಜೇಂದ್ರನ ಬಗ್ಗೆ ಬರೆಯುವವರು ಮಾಸ್ತಿಯವರ ಕಾದಂಬರಿಯ ಸಂಭಾಷಣೆಯನ್ನು ದೊರೆ ಆಡಿದ ಮಾತೆಂದೇ ಎತ್ತಿ ಬರೆಯುತ್ತಾರೆ. ಜ್ಞಾನಪೀಠ ಬಂದ ಕಾದಂಬರಿಯಾದರೂ ಅದು ಕಾದಂಬರಿಯೇ. ಇತಿಹಾಸದ ಪ್ರಬಂಧದಲ್ಲಿ ಅದು ಸಾಕ್ಷಿಯಾಗುವುದಿಲ್ಲ. ಕನ್ನಡದ ಪ್ರಬಂಧದಲ್ಲಿ ಧಾರಾಳವಾಗಿ ಬಳಸಿ.

ವಿಜ್ಞಾನದಲ್ಲಿ ಕೊಡಗಿನ ಮಕ್ಕಳಿಗೆ ಇರುವ ಅನುಕೂಲ ಬೇರೆಯವರಿಗೆ ಇಲ್ಲ. ಹಳೆಯ ತೋಟದ ಮನೆಗಳಲ್ಲಿ ದಿನದಿನದ ಮಳೆ ಬರೆದಿಟ್ಟ ಪುಸ್ತಕಗಳಿವೆ. ಅದನ್ನು ಬಿಟ್ಟು ಇಂಟರ್ನೆಟ್ಟಿನಿಂದ ಬ್ರೆಜಿಲ್‌ ಕಾಫಿಯ ಅಂಕಿ ತರುವುದನ್ನು ಕಂಡರೆ ಬೇಸರವಾಗುತ್ತದೆ. ‘ಕಾಫಿ ಕೃಷಿ’ ಎಂಬ ವಿಷಯವನ್ನು ಹೀಗೆ ಕತ್ತರಿಸಿ ನೋಡಿ: ‘ನಮ್ಮ ತೋಟದ ರೋಬಸ್ಟಾ ಹೂಮಳೆಯಾದ ಎಷ್ಟನೇ ದಿನ ಅರಳಿತು?’ ರೋಬಸ್ಟಾ ಎಂದರೆ ಕಾಫಿಯ ಒಂದು ತಳಿ, ಹೂಮಳೆ ಎಂದರೆ ಕಾಫಿ ಮೊಗ್ಗು ಅರಳಿಸುವ ಬೇಸಿಗೆಯ ಮಳೆ. ಸಾಮಾನ್ಯವಾಗಿ ಏಳರಿಂದ ಹತ್ತು ದಿನ ಎನ್ನುತ್ತಾರೆ. ನಿಮ್ಮಲ್ಲಿ ಎಷ್ಟು ಎಂಬುದನ್ನು ನೀವೇ ಎಣಿಸಬೇಕು.

ಅಂಚಿನ ಸಾಲು ಬಿಟ್ಟು ಹತ್ತು ಗಿಡ ಆರಿಸಿ. ಗಿಡಕ್ಕೆ ಎರಡು ಕೊಂಬೆ, ಕೊಂಬೆಗೆ ಮೊಗ್ಗಿರುವ ಐದು ಗಿಣ್ಣು, ಮಳೆಗೆ ಮೊದಲೇ ಬಣ್ಣದ ನೂಲು ಕಟ್ಟಿ ಗುರುತು ಮಾಡಿ. ಒಟ್ಟು ನೂರು ಗಿಣ್ಣು. ಒಂದೊಂದು ಮೊಗ್ಗನ್ನೂ ಎಣಿಸಲು ಹೋಗಬೇಡಿ. ರೋಬಸ್ಟಾದ ಒಂದು ಗಿಣ್ಣಿನಲ್ಲೇ ಹತ್ತಾರು ಇರುತ್ತವೆ, ಎರಡನೇ ದಿನವೇ ಬೇಸತ್ತು ಬಿಡುತ್ತೀರಿ. ಅರಳಿದ ಗಿಣ್ಣುಗಳನ್ನಷ್ಟೇ ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಎಣಿಸಿದರೆ ಶೇಕಡಾ ಲೆಕ್ಕ ತಾನಾಗಿ ಬರುತ್ತದೆ.

ಕೆಡುವುದು ಎಲ್ಲಿ ಎಂದರೆ, ಮನೆಯ ಪಕ್ಕದ ಗಿಡ ಆರಿಸಿದಾಗ. ಪಾತ್ರೆ ತೊಳೆದ ನೀರು ಹರಿದು ಅದು ಮಳೆಗೆ ಮೊದಲೇ ಅರಳಿರುತ್ತದೆ. ಸ್ಪ್ರಿಂಕ್ಲರ್ ಹಾಕಿದ ತೋಟವಾದರೆ ನೀರು ಬಿಟ್ಟ ದಿನವನ್ನೇ ಮೊದಲ ದಿನವಾಗಿ ಹಿಡಿಯಬೇಕು. ಮಳೆಮಾಪಕವನ್ನು ಮರದಡಿ ಇಟ್ಟರೆ ಅದರ ಲೆಕ್ಕ ಯಾವುದಕ್ಕೂ ಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಅಜ್ಜನ ಮಳೆ ಪುಸ್ತಕ ಓದುವಾಗಿನದು. ಅಲ್ಲಿ ‘80 ಸೆಂಟ್’ ಎಂದಿರುತ್ತದೆ, ಮಕ್ಕಳು 80 ಸೆಂಟಿಮೀಟರ್ ಎಂದು ಬರೆಯುತ್ತಾರೆ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ಒಂದು ಇಂಚು 25.4 ಮಿಲಿಮೀಟರ್, ಹಾಗಾಗಿ 80 ಸೆಂಟ್ ಮಳೆ ಎಂದರೆ ಸುಮಾರು 20 ಮಿಲಿಮೀಟರ್. ಎರಡು ಸೆಂಟಿಮೀಟರ್ ಮಳೆ ಎಂಬತ್ತಾಗಿ ಕೂತರೆ ಮುಂದಿನ ವಾದವೆಲ್ಲ ನೀರಿನಲ್ಲಿ ಹೋಮ.

ಹೂಮಳೆ ಬೀಳುವುದು ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್‌ನಲ್ಲಿ, ಪರೀಕ್ಷೆಯ ಹೊತ್ತಿಗೆ. ಜೂನ್‌ನಲ್ಲಿ ಪ್ರಬಂಧ ಕೇಳಿದರೆ ಪ್ರಶ್ನೆ ಬದಲಿಸಿ: ಭಾಗಮಂಡಲದ ಕಡೆಯ ನೆಂಟರ ಮಳೆ ಪುಸ್ತಕವನ್ನೂ ಕುಶಾಲನಗರದ ಕಡೆಯದ್ದನ್ನೂ ಒಂದೇ ತಿಂಗಳಿಗೆ ಹೋಲಿಸಿ. ಪಶ್ಚಿಮದಿಂದ ಪೂರ್ವಕ್ಕೆ ಮಳೆ ಎಷ್ಟು ಇಳಿಯುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಸಾಹಿತ್ಯದ ಮಾತು ಚಿಕ್ಕದು. ಇಬ್ಬರು ಗೌರಮ್ಮಂದಿರನ್ನು ಕಲಸಬೇಡಿ. 1852ರಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ಕ್ರೈಸ್ತ ದೀಕ್ಷೆ ಪಡೆದವಳು ಚಿಕ್ಕವೀರರಾಜೇಂದ್ರನ ಮಗಳು. ಕಥೆ ಬರೆದವರು 1912ರಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡ ಕೊಡಗಿನ ಗೌರಮ್ಮ. ಒಬ್ಬರ ಚಿತ್ರದ ಕೆಳಗೆ ಇನ್ನೊಬ್ಬರ ಬದುಕು ಬರೆದ ಪ್ರಬಂಧಗಳು ಬರುತ್ತಲೇ ಇರುತ್ತವೆ. ಕಥೆಗಾರ್ತಿ ಗೌರಮ್ಮನವರ ಒಂದೇ ಒಂದು ಕಥೆ ಆರಿಸಿ, ಮೂರು ಸಲ ಓದಿ. ಕಥೆ ಯಾರ ಕಣ್ಣಿನಿಂದ ಕಾಣುತ್ತಿದೆ, ಯಾರ ಮಾತು ನಮಗೆ ಕೇಳಿಸುವುದೇ ಇಲ್ಲ ಎಂದು ಗುರುತು ಹಾಕಿಕೊಳ್ಳಿ. ಹುಟ್ಟು ಸಾವಿಗೆ ಎರಡು ಸಾಲು ಸಾಕು.

ಇದೆಲ್ಲ ಮನೆಯಲ್ಲಿ ವಾರಗಟ್ಟಲೆ ಸಮಯವಿರುವ ಪ್ರಬಂಧಕ್ಕೆ ಹೇಳಿದ್ದು. ಪರೀಕ್ಷೆಯ ಹಾಲ್‌ನಲ್ಲಿ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಕ್ರಮವೇ ಸುರಕ್ಷಿತ. ಅಂಕ ಹೇಗೆ ಹಂಚುತ್ತಾರೆಂದು ನಿಮ್ಮ ಗುರುಗಳನ್ನೇ ಕೇಳಿ. ಹೆತ್ತವರು ಮೊದಲ ಪ್ಯಾರಾ ಬರೆದುಕೊಡುವ ಬದಲು ಮಗುವನ್ನು ಕೂರಿಸಿಕೊಂಡು ‘ನೀನು ತಿಳಿಯಬೇಕೆಂದಿರುವುದು ಏನು, ಒಂದೇ ವಾಕ್ಯದಲ್ಲಿ ಹೇಳು’ ಎಂದು ಕೇಳಿ. ಆ ವಾಕ್ಯದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುವವರೆಗೂ ಪೆನ್ನು ಕೈಗೆ ಕೊಡಬೇಡಿ.